ಡಿಸ್ಕ್‌ವರ್ಲ್ಡ್‌ನ 41ರಲ್ಲಿ ಚಿತ್ರ ಹಾಕಿ ಕಟ್ಟಿಸಬೇಕಾದ ಮೂರು ಯಾವುವು?

ಪುಟ ಕಟ್ಟುವವಳು (ಮೈಸೂರು)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ಇಂಗ್ಲಿಷ್ ಲೇಖಕ ಟೆರಿ ಪ್ರಾಟ್ಚೆಟ್ ಅವರ ಡಿಸ್ಕ್‌ವರ್ಲ್ಡ್ ಅನ್ನೋ ಮಾಯಾಲೋಕದ ನಗೆ ಕಾದಂಬರಿಗಳು ನನ್ನ ಹತ್ತಿರ ಪೂರ್ತಿ ಇವೆ. 1983ರ ‘ದಿ ಕಲರ್ ಆಫ್ ಮ್ಯಾಜಿಕ್’ನಿಂದ ಹಿಡಿದು, ಅವರು ತೀರಿಕೊಂಡ ಮೇಲೆ 2015ರಲ್ಲಿ ಬಂದ ‘ದಿ ಶೆಫರ್ಡ್ಸ್ ಕ್ರೌನ್’ವರೆಗೆ 41. ಎಲ್ಲವೂ ಪೇಪರ್‌ಬ್ಯಾಕ್. ಅರ್ಧಕ್ಕರ್ಧ ಸೆಕೆಂಡ್‌ಹ್ಯಾಂಡ್. ಹದಿನೆಂಟು ವರ್ಷದಲ್ಲಿ ಒಂದೊಂದಾಗಿ ಸೇರಿಸಿದ್ದು. ಈಗ ಕೆಲವು ಬೆನ್ನು ಬಿಟ್ಟಿವೆ. ಕೆಲವನ್ನು ಓದೋಕೆ ತೆಗೆದರೆ ಹಾಳೆ ಕೈಗೇ ಬರುತ್ತದೆ.

ಈ ವರ್ಷ ಮೂರನ್ನಾದರೂ ಬಿಚ್ಚಿ, ಗಟ್ಟಿ ರಟ್ಟು ಹಾಕಿಸಿ, ಮಧ್ಯೆ ಚಿತ್ರದ ಹಾಳೆ ಸೇರಿಸಿ, ಬಟ್ಟೆಯ ಬೆನ್ನು ಕೊಡಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಮಾರೋಕಲ್ಲ. ಮನೆಗೆ ಒಂದೊಂದೇ ಪ್ರತಿ. ನನ್ನ ಅಕ್ಕನ ಮಗಳು ಕಾವಾ ಅನ್ನೋ ಕಲಾ ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಪುಸ್ತಕಕ್ಕೆ ಎಂಟು ಚಿತ್ರ ಬರೆದುಕೊಡ್ತೀನಿ ಚಿಕ್ಕಮ್ಮಾ ಅಂದಿದ್ದಾಳೆ. ಒಟ್ಟು ಇಪ್ಪತ್ತನಾಲ್ಕು. ಅದಕ್ಕಿಂತ ಜಾಸ್ತಿ ಕೇಳೋಕೆ ನನಗೆ ಮನಸ್ಸಿಲ್ಲ, ಅವಳಿಗೂ ಪರೀಕ್ಷೆ ಇದೆ. ಹಾಗಾಗಿ ಮೂರೇ. ಯಾವ ಮೂರು?

ನನ್ನ ಕೆಲಸ ಪುಸ್ತಕಗಳ ಪುಟವಿನ್ಯಾಸ. ದಿನಾ ಅಕ್ಷರ, ಅಂಚು, ಅಡಿಟಿಪ್ಪಣಿಗಳ ಜೊತೆ ಗುದ್ದಾಟ. ಆದ್ದರಿಂದ ನನಗೆ ಒಂದು ಭಯ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ನಗೆ ಕಾದಂಬರಿಯ ದುಬಾರಿ ಸಚಿತ್ರ ಆವೃತ್ತಿ ಕೊಂಡೆ. ಯಾರದ್ದು ಅಂತ ಹೇಳೋದು ಬೇಡ. ಕಾಗದ ಚೆಂದ, ಬಣ್ಣ ಚೆಂದ. ರಾತ್ರಿ ಓದುತ್ತಾ ಕೂತಿದ್ದೆ. ಒಬ್ಬ ಪಾತ್ರ ಬಾಗಿಲು ತೆಗೆಯೋಕೆ ಹೊರಟಿದೆ, ಬಾಗಿಲ ಹಿಂದೆ ಏನಿದೆ ಅನ್ನೋದೇ ಆ ಅಧ್ಯಾಯದ ನಗು. ಹಾಳೆ ತಿರುಗಿಸಿದರೆ ಪೂರ್ತಿ ಪುಟದ ಬಣ್ಣದ ಚಿತ್ರ. ಬಾಗಿಲ ಹಿಂದೆ ಇರೋದೆಲ್ಲ ಅಲ್ಲೇ ಇದೆ. ಆ ಮಾತು ಬಂದಿದ್ದು ಎರಡು ಪುಟ ಆದಮೇಲೆ. ನಗು ಬರಲಿಲ್ಲ. ಯಾಕೆ ಹೀಗಾಗುತ್ತೆ ಅಂತ ನನಗೆ ಗೊತ್ತು. ಬಣ್ಣದ ಚಿತ್ರಗಳನ್ನು ಆರ್ಟ್ ಪೇಪರ್‌ನಲ್ಲಿ ಬೇರೆ ಅಚ್ಚು ಹಾಕಿ ಫಾರಂಗಳ ನಡುವೆ ಸೇರಿಸುತ್ತಾರೆ. ಫಾರಂ ಅಂದರೆ ಸಾಮಾನ್ಯವಾಗಿ 16 ಪುಟ. ಚಿತ್ರ ಎಲ್ಲಿ ಬರಬೇಕು ಅಂತ ಆಗ ಕಥೆ ಹೇಳೋದಿಲ್ಲ, ಫಾರಂ ಹೇಳುತ್ತದೆ. ಕಾರಣ ಗೊತ್ತಿದ್ದರೂ ಬೇಜಾರು ಹೋಗಲಿಲ್ಲ.

ಆಮೇಲಿಂದ ಒಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿದೆ. ತುಂಬಾ ನಗಿಸುವ ಪುಸ್ತಕವೇ ಚಿತ್ರಕ್ಕೆ ಒಳ್ಳೆಯದು ಅಂತೇನಿಲ್ಲ. ನಗು ಮಾತಿನಲ್ಲೇ ಇದ್ದರೆ ಚಿತ್ರ ಅದನ್ನು ಕೆಡಿಸುತ್ತದೆ. ‘ದಿ ಕಲರ್ ಆಫ್ ಮ್ಯಾಜಿಕ್’ ತಗೊಳ್ಳಿ. ಕನ್ನಡಕವನ್ನೇ ಕಾಣದ ಊರಿಗೆ ಟೂಫ್ಲವರ್ ಅನ್ನೋ ಪ್ರವಾಸಿ ಕನ್ನಡಕ ಹಾಕಿಕೊಂಡು ಬರುತ್ತಾನೆ. ಜನರ ಕಣ್ಣಿಗೆ ಅವನು ನಾಲ್ಕು ಕಣ್ಣಿನವನು. ಓದುವವರಿಗೆ ಒಂದು ಕ್ಷಣ ತಡವಾಗಿ ಹೊಳೆಯುತ್ತದೆ, ಓ ಕನ್ನಡಕ! ಆ ತಡದಲ್ಲೇ ಸುಖ ಇರೋದು. ಜಾಶ್ ಕರ್ಬಿ ಮುಖಪುಟಕ್ಕೆ ನಿಜವಾಗಿಯೂ ನಾಲ್ಕು ಕಣ್ಣು ಬರೆದುಬಿಟ್ಟರು. ಕರ್ಬಿ ಅವರ ಕೈ ನನಗೆ ಬಹಳ ಇಷ್ಟ. 2001ರಲ್ಲಿ ತೀರಿಕೊಳ್ಳುವವರೆಗೂ ಡಿಸ್ಕ್‌ವರ್ಲ್ಡ್‌ಗೆ ಬಣ್ಣ ಕೊಟ್ಟವರು ಅವರು. ಆದರೆ ಈ ಜಾಗದಲ್ಲಿ ನಾಲ್ಕು ಕಣ್ಣು ಬರೆದರೂ ಕೆಡುತ್ತೆ, ಕನ್ನಡಕ ಬರೆದರೂ ಕೆಡುತ್ತೆ. ಅಲ್ವಾ? ಅದಕ್ಕೇ ಮೊದಲನೇ ಪುಸ್ತಕವನ್ನು, ಮೊದಲನೆಯದು ಅನ್ನೋ ಕಾರಣಕ್ಕೆ ಆರಿಸೋಕೆ ನಾನು ತಯಾರಿಲ್ಲ.

ನನ್ನ ಪಟ್ಟಿಯಲ್ಲಿ ಖಂಡಿತ ಇರೋದು ‘ಸ್ಮಾಲ್ ಗಾಡ್ಸ್’ (1992). ದೇವರು ಆಮೆಯಾಗಿ ಬಿದ್ದಿದ್ದಾನೆ, ಒಂದು ಕಣ್ಣು ಇಲ್ಲ. ಇಡೀ ದೇಶ ಅವನ ಹೆಸರಲ್ಲಿ ನಡೆಯುತ್ತಿದೆ, ಆದರೆ ನಿಜವಾಗಿ ನಂಬುವವನು ಬ್ರೂತಾ ಒಬ್ಬನೇ. ಓದು ಬರಹ ಬಾರದ, ಏನನ್ನೂ ಮರೆಯದ ಹುಡುಗ. ಕಲ್ಲಂಗಡಿ ಮಡಿಗೆ ಗುದ್ದಲಿ ಹಾಕುತ್ತಿದ್ದಾಗ ಆಮೆ ಮಾತಾಡುತ್ತದೆ. ಈ ಪುಸ್ತಕದಲ್ಲಿ ನಗು ಮಾತಲ್ಲಿದೆ, ದುಃಖ ನೋಟದಲ್ಲಿದೆ. ಹಾಗಾಗಿ ಚಿತ್ರಕ್ಕೆ ಜಾಗ ಇದೆ. ಲಂಡನ್‌ನ ಸಚಿತ್ರ ಪುಸ್ತಕಗಳ ಪ್ರಕಾಶಕರಾದ ಫೋಲಿಯೋ ಸೊಸೈಟಿ ಒಮರ್ ರಯ್ಯಾನ್ ಅವರ ಚಿತ್ರಗಳ ಜೊತೆ ಇದನ್ನೂ ‘ಮಾರ್ಟ್’ ಅನ್ನೂ ತಂದಿತ್ತು. ಅವರು ಈ ಎರಡನ್ನು ಆರಿಸಿದ್ದು ಸರಿ ಅನ್ನಿಸುತ್ತೆ.

ಎರಡನೆಯದು ‘ನೈಟ್ ವಾಚ್’ ಅಂದುಕೊಂಡಿದ್ದೇನೆ. ಮೂರನೆಯದಕ್ಕೆ ‘ಗಾರ್ಡ್ಸ್! ಗಾರ್ಡ್ಸ್!’ ಮತ್ತು ‘ಗೋಯಿಂಗ್ ಪೋಸ್ಟಲ್’ ನಡುವೆ ಒದ್ದಾಡುತ್ತಿದ್ದೇನೆ. ಓದಿದವರು ಹೇಳಿ. ಯಾವುದು ಅಂತ ಮಾತ್ರ ಅಲ್ಲ, ಯಾವ ದೃಶ್ಯ ಅಂತಲೂ ಹೇಳಿ. ಹುಡುಗಿ ರಜೆಗೆ ಬರೋದರೊಳಗೆ ಗೊತ್ತಾಗಬೇಕು.

ಬೆಕ್ಕಿನ ಮನೆ (ಹುಬ್ಬಳ್ಳಿ)

ಅಕ್ಕಾ, ‘ಮಾರ್ಟ್’ ಯಾಕೆ ಬಿಟ್ಟಿರಿ? ಫೋಲಿಯೋದವರು ಆರಿಸಿದ್ದು ಸರಿ ಅಂತ ನೀವೇ ಹೇಳಿದ್ದೀರಿ.

ನಾನು ಈ ಪುಸ್ತಕ ಓದಿದ್ದು ನಮ್ಮ ಅಜ್ಜಿ ತೀರಿಕೊಂಡ ವಾರ. ಮನೆ ತುಂಬಾ ಜನ. ನನಗೆ ಯಾರ ಹತ್ತಿರಾನೂ ಮಾತಾಡೋಕೆ ಆಗ್ತಿರಲಿಲ್ಲ. ಅಟ್ಟದ ಮೇಲೆ ಕೂತು ಓದಿದೆ. ಸಾವು ಅನ್ನೋದು ಇಲ್ಲಿ ಒಂದು ಪಾತ್ರ. ಅಸ್ಥಿಪಂಜರ, ಕಪ್ಪು ನಿಲುವಂಗಿ, ಕೈಯಲ್ಲಿ ಕುಡುಗೋಲು. ಆದರೆ ಅವನಿಗೆ ಬೆಕ್ಕು ಅಂದ್ರೆ ಪ್ರಾಣ. ಅವನ ಕುದುರೆ ಬಿಳಿ, ಹೆಸರು ಬಿಂಕಿ. ಮೊದಲು ಎಲುಬಿನ ಕುದುರೆ ಇಟ್ಟು ನೋಡಿದ್ದನಂತೆ, ಕಳಚಿ ಬೀಳೋ ತುಂಡುಗಳನ್ನು ತಂತಿಯಲ್ಲಿ ಕಟ್ಟೋದೇ ಕೆಲಸ ಆಯ್ತು ಅಂತ ನಿಜವಾದ ಕುದುರೆ ತಂದುಕೊಂಡ. ಮಾರ್ಟ್ ಅನ್ನೋ ಹುಡುಗನನ್ನು ಶಿಷ್ಯನಾಗಿ ಇಟ್ಟುಕೊಂಡು, ಅವನಿಗೆ ಕೆಲಸ ಒಪ್ಪಿಸಿ ತಾನು ರಜೆ ಹಾಕಿ ಊರಿನ ಒಂದು ಖಾನಾವಳಿಯಲ್ಲಿ ಅಡುಗೆ ಮಾಡೋಕೆ ನಿಲ್ತಾನೆ. ಅಲ್ಲಿ ಅವನು ಖುಷಿಯಾಗಿದ್ದಾನೆ. ಅಜ್ಜಿಯನ್ನು ಕರೆದುಕೊಂಡು ಹೋದವನು ಇವನೇ ಆಗಿದ್ದರೆ ಅಂತ ಅನ್ನಿಸಿ, ಆ ವಾರದಲ್ಲಿ ಮೊದಲ ಸಲ ನೆಮ್ಮದಿಯಾಗಿ ಅತ್ತೆ.

ನೀವು ಹೇಳೋ ಅಳತೆಗೇ ಇದು ಕೂರುತ್ತದೆ. ಖಾನಾವಳಿಯ ಒಲೆ ಮುಂದೆ ನಿಂತು ಬಾಣಲೆ ಹಿಡಿದಿರೋ ಸಾವನ್ನು ಬರೆಸಿ. ಜೋಕು ಬರೆಸಬೇಡಿ. ಹೊಸ ಕೆಲಸದವನು ಎಷ್ಟು ಗಮನ ಕೊಟ್ಟು ಕೆಲಸ ಮಾಡ್ತಾನೋ ಹಾಗೆ ಬರೆಸಿ. ಅವನ ಬೆನ್ನಾದ್ರೂ ಸಾಕು.

ಇನ್ನೊಂದು ಮಾತು, ನೀವು ಅಕ್ಷರದ ಕೆಲಸದವರು ಅಂತ ಕೇಳ್ತಿದ್ದೇನೆ. ಸಾವು ಮಾತಾಡೋದೆಲ್ಲ ಸಣ್ಣ ಗಾತ್ರದ ಕ್ಯಾಪಿಟಲ್ ಅಕ್ಷರದಲ್ಲಿದೆ, ಉದ್ಧರಣ ಚಿಹ್ನೆಯೂ ಇಲ್ಲ. ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ಲೇ ಇಲ್ಲ. ಕನ್ನಡಕ್ಕೆ ತಂದರೆ ಆ ದನಿ ಹೇಗೆ ಕಾಣಿಸ್ತೀರಿ?

ರಟ್ಟು ದಾರ (ಬೆಂಗಳೂರು, ಚಿಕ್ಕಪೇಟೆ)

ಮೇಡಂ, ನಮ್ಮದು ಬೈಂಡಿಂಗ್ ಮನೆ, ತಂದೆ ಕಾಲದ್ದು. ಕಥೆ ಬಗ್ಗೆ ನಾನು ಹೇಳೋದು ಕಮ್ಮಿ. ಆದರೆ ನೀವು ಹೇಳಿದ ಫಾರಂ ಭಯ ನಿಮ್ಮ ಪುಸ್ತಕಕ್ಕೆ ಇಲ್ಲವೇ ಇಲ್ಲ. ಸಮಾಧಾನ ಮಾಡ್ಕೊಳ್ಳಿ.

ನಿಮ್ಮದು ಪೇಪರ್‌ಬ್ಯಾಕ್. ಅಂದರೆ ಬೆನ್ನನ್ನು ಕತ್ತರಿಸಿ ಗೋಂದು ಹಾಕಿದ್ದು. ಬಿಚ್ಚಿದರೆ ಫಾರಂ ಸಿಗಲ್ಲ, ಒಂಟಿ ಹಾಳೆ ಸಿಗುತ್ತೆ. ಒಂಟಿ ಹಾಳೆ ಅಂದಮೇಲೆ ಚಿತ್ರ ಯಾವ ಎರಡು ಹಾಳೆ ನಡುವೆ ಬೇಕಾದರೂ ಹೋಗುತ್ತದೆ. ದೊಡ್ಡ ಪ್ರಕಾಶಕರಿಗೆ ಸಿಗದ ಅನುಕೂಲ ನಿಮಗಿದೆ.

ಹಾಳೆಗೆ ಎರಡು ಮುಖ ಇದೆ ಅನ್ನೋದನ್ನು ಮಾತ್ರ ಮರೀಬೇಡಿ. ನಗೋ ಮಾತು ಎಡಪುಟದಲ್ಲಿ ಮುಗಿಯುತ್ತೆ ಅಂದ್ಕೊಳ್ಳಿ. ಚಿತ್ರವನ್ನು ಎದುರಿಗೆ ಹಾಕಬೇಡಿ. ಕಣ್ಣು ಮೊದಲು ಅಲ್ಲಿಗೇ ಓಡುತ್ತೆ. ಆ ಹಾಳೆಯ ಹಿಂಬದಿಗೆ ಹಾಕಿ. ಓದೋರಿಗೆ ಎದುರಿಗೆ ಖಾಲಿ ಹಾಳೆ ಕಾಣಿಸುತ್ತೆ, ಮಾತು ಓದಿ ಮುಗಿಸ್ತಾರೆ, ತಿರುಗಿಸ್ತಾರೆ, ಆಗ ಚಿತ್ರ. ಮಾತು ಬಲಪುಟದ ಮೇಲ್ಭಾಗದಲ್ಲೇ ಮುಗಿದಿದ್ದರೆ ಮುಂದಿನ ಎಡಪುಟದ ಎದುರಿಗೇ ಹಾಕಬಹುದು, ತೊಂದರೆ ಇಲ್ಲ. ನಮ್ಮ ತಂದೆ ಚಿತ್ರದ ಮೇಲೆ ತೆಳು ಬಟರ್ ಪೇಪರ್ ಅಂಟಿಸುತ್ತಿದ್ದರು. ಬಣ್ಣ ಎದುರಿನ ಹಾಳೆಗೆ ಹತ್ತಬಾರದು ಅಂತ. ನಿಮಗೆ ಅದು ಇನ್ನೊಂದು ಕೆಲಸಕ್ಕೂ ಬರುತ್ತೆ. ಅದನ್ನು ಎತ್ತೋವರೆಗೂ ಚಿತ್ರ ಮಸುಕು.

ಕಷ್ಟ ಇರೋದು ಒಳ ಅಂಚಿನಲ್ಲಿ. ಒಂಟಿ ಹಾಳೆಗೆ ನಡುವೆ ಹೊಲಿಗೆ ಬರಲ್ಲ, ಪಕ್ಕದಿಂದಲೇ ಹೊಲಿಯಬೇಕು. ಅದು ಸ್ವಲ್ಪ ಜಾಗ ತಿನ್ನುತ್ತೆ. ಒಳಗಡೆ ಅಂಚು ಇಲ್ಲದ ಪುಸ್ತಕ ಹೊಲಿದರೆ ಸಾಲಿನ ಕೊನೆ ಅಕ್ಷರ ಬೆನ್ನೊಳಗೆ ಹೋಗಿಬಿಡುತ್ತೆ, ಎಷ್ಟು ಚೆಂದದ ರಟ್ಟು ಹಾಕಿದರೂ ಯಾರೂ ಓದಲ್ಲ. ಸ್ಕೇಲ್ ಇಟ್ಟು ಅಳೆದು ನೋಡಿ. 12 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಹೊಲಿಗೆ ಬೇಡ, ಒಳ್ಳೆ ಗೋಂದಿನಲ್ಲೇ ಮಾಡಿಸಿ ರಟ್ಟು ಹಾಕಿಸಿ.

ಚಿತ್ರಕ್ಕೆ ಹೊಳಪಿನ ಆರ್ಟ್ ಪೇಪರ್ ಬೇಡ ಅಂತ ನನ್ನ ಅಭಿಪ್ರಾಯ. ಹಳೇ ಹಾಳೆ ಕಂದು ತಿರುಗಿರುತ್ತೆ, ಪಕ್ಕದಲ್ಲಿ ಅದು ಕನ್ನಡಿ ಥರ ಕಣ್ಣಿಗೆ ಹೊಡೆಯುತ್ತೆ. ಕೆನೆ ಬಣ್ಣದ ಮ್ಯಾಟ್ ಕಾಗದ ತಗೊಳ್ಳಿ. ಮತ್ತೆ ಕಾಗದದ ಎಳೆ ಬೆನ್ನಿನ ದಿಕ್ಕಿಗೇ ಇರಲಿ. ಅಡ್ಡ ಬಂದರೆ ಹಾಳೆ ಸೆಟೆದು ನಿಲ್ಲುತ್ತೆ, ಪುಸ್ತಕ ಮುಚ್ಚಲ್ಲ.

ನೇರಳೆ ಹೂವು (ಬರ್ಮಿಂಗ್‌ಹ್ಯಾಮ್)

ದಾವಣಗೆರೆಯವನು, ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ ಆಯಿತು. ‘ನೈಟ್ ವಾಚ್’ ಬಗ್ಗೆ ಮಾತ್ರ ಹೇಳುತ್ತೇನೆ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

2017ರ ಕೊನೆಯಲ್ಲಿ ಸಾಲ್ಸ್‌ಬರಿ ಮ್ಯೂಸಿಯಂನಲ್ಲಿ ಪ್ರಾಟ್ಚೆಟ್ ಅವರ ಮೇಲೆ ಒಂದು ಪ್ರದರ್ಶನ ಇತ್ತು. ಅವರು ಆ ಊರಿನ ಹತ್ತಿರವೇ ಇದ್ದವರು. ಮಗಳನ್ನು ಕರೆದುಕೊಂಡು ಹೋಗಿದ್ದೆ. ಪಾಲ್ ಕಿಡ್ಬಿ ಅವರ ಚಿತ್ರಗಳನ್ನು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ. ಕರ್ಬಿ ನಂತರ ಡಿಸ್ಕ್‌ವರ್ಲ್ಡ್‌ಗೆ ಮುಖ ಕೊಟ್ಟವರು ಇವರು. ‘ನೈಟ್ ವಾಚ್’ (2002) ಮುಖಪುಟವನ್ನು ಅವರು ರೆಂಬ್ರಾಂಟ್‌ನ 1642ರ ‘ನೈಟ್ ವಾಚ್’ ಚಿತ್ರದ ಮಾದರಿಯಲ್ಲೇ ಬರೆದರು. ರೆಂಬ್ರಾಂಟ್ ತನ್ನ ಮುಖವನ್ನು ಹಿಂದುಗಡೆ ಗುಂಪಿನಲ್ಲಿ ಸೇರಿಸಿದ್ದ ಅನ್ನುತ್ತಾರಲ್ಲ, ಆ ಜಾಗದಲ್ಲಿ ಕಿಡ್ಬಿ ತಮ್ಮ ಮುಖ ಹಾಕಲಿಲ್ಲ. ಆಗಷ್ಟೇ ತೀರಿಕೊಂಡಿದ್ದ ಜಾಶ್ ಕರ್ಬಿ ಅವರ ಮುಖ ಹಾಕಿದರು. ಇದನ್ನು ತಿಳಿದ ಮೇಲೆ ಮನೆಯಲ್ಲಿದ್ದ ಪುಸ್ತಕ ತೆಗೆದು ತುಂಬಾ ಹೊತ್ತು ನೋಡಿದೆ. ನಗೆ ಕಾದಂಬರಿಯ ಮುಖಪುಟದಲ್ಲಿ ಒಬ್ಬ ಕಲಾವಿದ ಇನ್ನೊಬ್ಬನಿಗೆ ಹೀಗೆ ಕೈಮುಗಿಯಬಹುದು ಅಂತ ನಾನು ಎಣಿಸಿರಲಿಲ್ಲ.

ಅದೇ ಪ್ರದರ್ಶನದಲ್ಲಿ ಪುಡಿಯಾದ ಒಂದು ಹಾರ್ಡ್ ಡ್ರೈವ್ ಇಟ್ಟಿದ್ದರು. ಮುಗಿಸದ ಬರಹ ಯಾರ ಕೈಗೂ ಸಿಗಬಾರದು ಅನ್ನೋದು ಪ್ರಾಟ್ಚೆಟ್ ಅವರ ಆಸೆ. ಆ ವರ್ಷ ಆಗಸ್ಟ್‌ನಲ್ಲಿ ಡಾರ್ಸೆಟ್‌ನ ಹಬೆಯಂತ್ರಗಳ ಜಾತ್ರೆಯಲ್ಲಿ ಅದರ ಮೇಲೆ ಸ್ಟೀಮ್ ರೋಲರ್ ಹತ್ತಿಸಿದರು. ಮಗಳು ತುಂಬಾ ಹೊತ್ತು ಅದರ ಮುಂದೆ ನಿಂತಿದ್ದಳು. ನಿಮ್ಮ ಹುಡುಗಿಗೂ ಇದನ್ನು ಹೇಳಿ. ಅವರು ಬರೆಯದೆ ಬಿಟ್ಟದ್ದನ್ನು ಚಿತ್ರದಲ್ಲಿ ತುಂಬುವುದು ಬೇಡ.

ದೃಶ್ಯ ಕೇಳಿದಿರಿ. ಕಥಾನಾಯಕ, ನಗರ ಕಾವಲು ಪಡೆಯ ಮುಖ್ಯಸ್ಥ ವೈಮ್ಸ್ ಮೂವತ್ತು ವರ್ಷ ಹಿಂದಿನ ತನ್ನದೇ ಊರಿಗೆ ಹೋಗಿ ಬೀಳುತ್ತಾನೆ. ಹೆಂಡತಿ ಕೊಟ್ಟ ಬೆಳ್ಳಿಯ ಸಿಗಾರ್ ಡಬ್ಬಿ ಒಂದೇ ಅವನ ನಿಜವಾದ ಬದುಕಿಗೆ ಸಾಕ್ಷಿ. ಆ ಡಬ್ಬಿಯನ್ನು ಬರೆಸಿ. ಸುಮ್ನೆ ಡಬ್ಬಿ, ಒಂದು ಅಂಗೈ, ಬೇರೇನೂ ಬೇಡ. ಮನೆಯ ಮೇಜು ಕುರ್ಚಿಗಳನ್ನೆಲ್ಲ ಬೀದಿಗೆ ತಂದು ಒಡ್ಡಿದ ಅಡ್ಡಗಟ್ಟೆಯೂ ಇರಲಿ. ಮತ್ತೆ ಲೈಲಾಕ್ ಹೂವಿನ ಒಂದು ಕುಚ್ಚು. ಕಥೆಯಲ್ಲಿ ಮಡಿದವರ ನೆನಪಿಗೆ ಮೇ 25ರಂದು ಆ ಹೂವನ್ನು ಎದೆಗೆ ಸಿಕ್ಕಿಸಿಕೊಳ್ಳುವವರು ಇಲ್ಲಿ ಈಗಲೂ ಇದ್ದಾರೆ, ನಾನೂ ಒಬ್ಬ. 2025ರಲ್ಲಿ ಪೆಂಗ್ವಿನ್ ಈ ಪುಸ್ತಕವನ್ನು ತನ್ನ ಮಾಡರ್ನ್ ಕ್ಲಾಸಿಕ್ಸ್ ಸಾಲಿಗೆ ಸೇರಿಸಿತು. ನನಗೆ ಮನೆಯಲ್ಲಿ ಮದುವೆ ಆದಷ್ಟು ಸಂತೋಷ ಆಯಿತು.

‘ಗೋಯಿಂಗ್ ಪೋಸ್ಟಲ್’ ಅಂಚೆ ಕಚೇರಿಯ ಕಥೆ, ಅದಕ್ಕೆ ಚಿತ್ರ ಬೇಡ. ಸಾಮರ್‌ಸೆಟ್‌ನ ವಿನ್‌ಕ್ಯಾಂಟನ್ ಊರಿನಲ್ಲಿ ಡಿಸ್ಕ್‌ವರ್ಲ್ಡ್ ಎಂಪೋರಿಯಂ ಅಂತ ಅಂಗಡಿ ಇದೆ. ಕಾದಂಬರಿಯ ಆಂಕ್-ಮಾರ್ಪೋರ್ಕ್ ಊರಿನ ಅಂಚೆಚೀಟಿಗಳನ್ನು ನಿಜವಾಗಿಯೂ ಅಚ್ಚು ಹಾಕುತ್ತಾರೆ. ಹಿಂದಿನ ರಟ್ಟಿನ ಒಳಗೆ ಒಂದು ಲಕೋಟೆ ಅಂಟಿಸಿ ನಾಲ್ಕು ಚೀಟಿ ಹಾಕಿಡಿ. ವಿಳಾಸ ಕೊಟ್ಟರೆ ನಾನು ಕಳಿಸುತ್ತೇನೆ.

ಏಳನೇ ತರಗತಿ ಟೀಚರ್ (ಶಿವಮೊಗ್ಗ)

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಚಿತ್ರ ನಗುವನ್ನು ಕೆಡಿಸುತ್ತದೆ ಅನ್ನೋದು ಪೂರ್ತಿ ನಿಜ ಅಲ್ಲ. ಲೂಯಿಸ್ ಕ್ಯಾರಲ್ ಅವರ 1865ರ ‘ಆಲಿಸ್’ ನೋಡಿ. ಚಿತ್ರಕಾರ ಟೆನಿಯಲ್ 42 ಚಿತ್ರ ಬರೆದ. ಮೊದಲ ಅಚ್ಚಿನ 2000 ಪ್ರತಿಗಳಲ್ಲಿ ಚಿತ್ರ ಸರಿಯಾಗಿ ಬಂದಿಲ್ಲ ಅಂತ ಅವನು ಒಪ್ಪಲಿಲ್ಲ, ಅವುಗಳನ್ನು ವಾಪಸ್ ತೆಗೆದುಕೊಂಡರು. ನಗೆ ಪುಸ್ತಕದ ಚಿತ್ರದ ಬಗ್ಗೆ ಅಷ್ಟು ಹಠ. ಗ್ರಿಫನ್ ಬರುವಲ್ಲಿ ಲೇಖಕರೇ, ಗ್ರಿಫನ್ ಅಂದರೇನು ಗೊತ್ತಿಲ್ಲದಿದ್ದರೆ ಚಿತ್ರ ನೋಡಿ ಅಂತ ಬರೆದಿದ್ದಾರೆ. ಮಾತು ತಾನಾಗಿ ಸರಿದು ಚಿತ್ರಕ್ಕೆ ಜಾಗ ಕೊಡುತ್ತದೆ. ‘ಆಲಿಸ್’ನ ಕನ್ನಡ ರೂಪವಾದ ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ ಓದಿ ಹೇಳುವಾಗ ನಮ್ಮ ಮಕ್ಕಳು ಕೇಳೋ ಮೊದಲ ಪ್ರಶ್ನೆ, ಟೀಚರ್ ಅದು ಹೇಗಿರುತ್ತೆ? ನಾನು ಬೋರ್ಡ್ ಮೇಲೆ ಬರೆಯುತ್ತೇನೆ. ಚೆನ್ನಾಗಿ ಬರಲ್ಲ, ಆದರೂ ನಗು ನಿಲ್ಲಲ್ಲ, ಜಾಸ್ತಿ ಆಗುತ್ತೆ.

ಹಾಗಾಗಿ ನೋಡಬೇಕಾದ್ದು ಒಂದೇ. ಆ ವಾಕ್ಯ ಚಿತ್ರವನ್ನು ಕರೆಯುತ್ತಿದೆಯಾ, ಇಲ್ಲ ಅಡಗಿಸುತ್ತಿದೆಯಾ? ಟೂಫ್ಲವರ್ ಕನ್ನಡಕ ಅಡಗಿಸೋ ಜಾತಿ. ‘ಗಾರ್ಡ್ಸ್! ಗಾರ್ಡ್ಸ್!’ನಲ್ಲಿ ಲೇಡಿ ಸಿಬಿಲ್ ಸಾಕಿರೋ ಜೌಗು ಡ್ರ್ಯಾಗನ್‌ಗಳು ಕರೆಯೋ ಜಾತಿ. ಹೊಟ್ಟೆ ಕೆಟ್ಟರೆ ಸಿಡಿದುಹೋಗುವ ಆ ಪಾಪದ ಜೀವಗಳನ್ನು ನೋಡಬೇಕು ಅಂತ ಯಾವ ಮಗುವಿಗೆ ಅನ್ನಿಸಲ್ಲ ಹೇಳಿ? ನನ್ನ ಓಟು ಅದಕ್ಕೆ.

ಪುಟ ಕಟ್ಟುವವಳು (ಮೈಸೂರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಭಾನುವಾರ ಐದು ಪುಸ್ತಕವನ್ನೂ ಮೇಜಿನ ಮೇಲೆ ಹರಡಿಕೊಂಡು ಸ್ಕೇಲ್ ಹಿಡಿದು ಕೂತೆ.

ರಟ್ಟು ದಾರ ಅವರೇ, ನೀವು ಹೇಳಿದ್ದು ನೋಡಿ ನನಗೇ ಆಶ್ಚರ್ಯ. ಇಷ್ಟು ವರ್ಷ ಫಾರಂ ಲೆಕ್ಕ ಹಾಕಿ ಹಾಕಿ, ನನ್ನ ಪುಸ್ತಕದಲ್ಲಿ ಫಾರಂ ಇಲ್ಲ ಅನ್ನೋದೇ ಹೊಳೆದಿರಲಿಲ್ಲ. ‘ಸ್ಮಾಲ್ ಗಾಡ್ಸ್’ ಒಳ ಅಂಚು 14 ಮಿಲಿಮೀಟರ್, ಹೊಲಿಗೆ ಆಗುತ್ತೆ. ‘ನೈಟ್ ವಾಚ್’ 15. ‘ಮಾರ್ಟ್’ ಹಳೇ ಪ್ರತಿ, ಬರೀ 10. ಗೋಂದಿನಲ್ಲೇ ಮಾಡಿಸುತ್ತೇನೆ, ಆದರೆ ಬಿಡುವುದಿಲ್ಲ. ಹೌದು, ಹುಬ್ಬಳ್ಳಿಯವರೇ, ಮೂರನೆಯದು ‘ಮಾರ್ಟ್’. ಅಟ್ಟದ ಮೇಲೆ ಕೂತು ಓದಿದ್ದನ್ನು ನೀವು ಬರೆದ ಮೇಲೆ ಇನ್ನೊಂದು ಪುಸ್ತಕ ಆರಿಸೋಕೆ ನನ್ನಿಂದ ಆಗಲಿಲ್ಲ.

ಸಾವಿನ ದನಿ ಬಗ್ಗೆ ಕೇಳಿದಿರಿ. ಇದನ್ನು ನಾನು ಕೆಲಸದ ಮಧ್ಯೆ ಎಷ್ಟೋ ಸಲ ಯೋಚಿಸಿದ್ದೇನೆ. ದಪ್ಪ ಅಕ್ಷರ ಹಾಕಿದರೆ ಕಿರುಚಿದ ಹಾಗಿರುತ್ತೆ, ಅವನು ಕಿರುಚುವವನಲ್ಲ. ಹಳಗನ್ನಡ ಮಾಡಿದರೆ ರಾಜಗಾಂಭೀರ್ಯ ಬರುತ್ತೆ, ಅವನ ಮಾತು ಅಷ್ಟು ದೊಡ್ಡದಲ್ಲ, ನೇರ. ಅಕ್ಷರಗಳ ನಡುವೆ ಜಾಗ ಬಿಡೋಣ ಅಂದರೆ ಒತ್ತಕ್ಷರಗಳು ಒಂದೊಂದು ಕಡೆ ನೇತಾಡುತ್ತವೆ. ಕೊನೆಗೆ ನನಗೆ ಸರಿ ಅನ್ನಿಸಿದ್ದು ಹಳೆಯ ಮೊಳೆ ಅಚ್ಚಿನ ಹಾಗೆ ಕಾಣುವ ಒಂದು ಫಾಂಟು, ಸುತ್ತಲಿನ ಅಕ್ಷರಕ್ಕಿಂತ ಒಂದು ಪಾಯಿಂಟ್ ಚಿಕ್ಕದು, ಉದ್ಧರಣ ಚಿಹ್ನೆ ಇಲ್ಲ. ಕಲ್ಲಿನ ಮೇಲೆ ಕೆತ್ತಿದ್ದನ್ನು ಯಾರೋ ಮೆಲ್ಲಗೆ ಓದಿದ ಹಾಗೆ. ಒಂದು ಪ್ಯಾರಾ ಮಾಡಿ ನೋಡಿದೆ. ಹತ್ತಿರ ಬಂದಿದೆ.

ಟೀಚರ್, ಕರೆಯೋದು, ಅಡಗಿಸೋದು ಅಂದಿರಲ್ಲ, ಅದನ್ನು ಹುಡುಗಿಗೆ ಫೋನಿನಲ್ಲಿ ಓದಿ ಹೇಳಿದೆ. ಚಿಕ್ಕಮ್ಮಾ, ಇದನ್ನು ನಮ್ಮ ಕ್ಲಾಸಲ್ಲಿ ಯಾರೂ ಹೇಳಿಲ್ಲ ಅಂದಳು. ನಾನು ಹಿಡಿದಿದ್ದ ಅಳತೆಗಿಂತ ನಿಮ್ಮದು ಸರಿ. ಒಂದೇ ಪುಸ್ತಕದೊಳಗೇ ಎರಡೂ ಇರುತ್ತವೆ, ಪುಟ ಪುಟವಾಗಿ ನೋಡಬೇಕು. ಆ ಡ್ರ್ಯಾಗನ್‌ಗಳು ಮುಂದಿನ ವರ್ಷಕ್ಕೆ, ಖಂಡಿತ.

ಬರ್ಮಿಂಗ್‌ಹ್ಯಾಮ್ ಸರ್, ವಿಳಾಸ ಮೆಸೇಜ್ ಮಾಡಿದ್ದೇನೆ. ಲಕೋಟೆ ಅಂಟಿಸೋ ಜಾಗ ಗುರುತು ಹಾಕಿಟ್ಟಿದ್ದೇನೆ. ಸಿಗಾರ್ ಡಬ್ಬಿಯನ್ನು ಪೂರ್ತಿ ಪುಟಕ್ಕೆ ಹಾಕೋದಿಲ್ಲ. ಪುಟದ ನಡುವೆ, ನಿಜವಾದ ಡಬ್ಬಿಯ ಅಳತೆಯಲ್ಲೇ, ಸುತ್ತ ಖಾಲಿ.

ಹುಡುಗಿ ಇವತ್ತು ಬೆಳಿಗ್ಗೆ ಮೊದಲ ಪೆನ್ಸಿಲ್ ಚಿತ್ರದ ಫೋಟೋ ಕಳಿಸಿದ್ದಾಳೆ. ಕಲ್ಲಂಗಡಿ ಮಡಿ, ಬಿಸಿಲು, ಗುದ್ದಲಿ ಹಿಡಿದ ಬ್ರೂತಾನ ಪಾದ ಮಾತ್ರ, ಮಣ್ಣು ಮೆತ್ತಿದೆ. ಆಮೆ ಇಲ್ಲ. ಎಲ್ಲಿ ಅಂತ ಕೇಳಿದೆ. ಎಲೆ ಕೆಳಗೆ ನೋಡಿ ಅಂದಳು. ದೊಡ್ಡದು ಮಾಡಿ ನೋಡಿದರೆ ಎಲೆಯ ನೆರಳಲ್ಲಿ ಒಂದೇ ಒಂದು ಕಣ್ಣು.